ಇಡೀ ಬೀದಿ ಹೊರಗಾದ ವಾರ

"ನಿಮಗೆ ಶ್ವೇತಪ್ರದರದ ತೊಂದರೆ ಇದೆಯೇ?" ಎಂದು ನಾನು ಕೇಳಿದ್ದಕ್ಕೆ ಜಗಲಿಯ ಮೇಲೆ ರಾಗಿ ಕೇರುತ್ತಿದ್ದ ಹೆಂಗಸು ಮೊರವನ್ನು ಕೆಳಗಿಟ್ಟು, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಅದ್ಯಾವ್ದವ್ವ ಒಸ ತಳಿ? ಬೀಜ ಎಲ್ಲಿ ಕೊಡ್ತಾವ್ರೆ?" ಎಂದು ಮರುಪ್ರಶ್ನೆ ಹಾಕಿದಳು.

ತೊಂಬತ್ತರ ದಶಕದ ಮಾತು. ನಾನು ಶ್ರೀರಂಗಪಟ್ಟಣದವಳು. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಗ್ರಾಮೀಣ ಮಹಿಳೆಯರ ಆರೋಗ್ಯ ಕುರಿತ ಅಧ್ಯಯನವೊಂದಕ್ಕೆ ಸಂಶೋಧನಾ ಸಹಾಯಕಿಯಾಗಿ ಸೇರಿದ್ದೆ. ಪಾಂಡವಪುರದಲ್ಲಿ ಬಸ್ಸು ಬದಲಿಸಿ, ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆಯ ಕಡೆಗಿದ್ದ ಒಂದು ಊರಿಗೆ ಬಂದಿಳಿದಾಗ ನನ್ನ ಕೈಯಲ್ಲಿ ಎರಡು ಸೀರೆ ಮತ್ತು ಒಂದು ಮೂಟೆ ಪ್ರಶ್ನಾವಳಿಗಳಿದ್ದವು. ಆ ಪ್ರಶ್ನೆಗಳನ್ನು ರಚಿಸಿದ ವಿದ್ವಾಂಸರು ಹೆಣ್ಣಿನ ದೇಹದಲ್ಲಿ ಆಗುವುದೆಲ್ಲವೂ ಸಂಸ್ಕೃತದಲ್ಲೇ ಆಗುತ್ತದೆ ಎಂದು ನಂಬಿದ್ದರು. ಬಿಳಿಯ ಸ್ರಾವವನ್ನು ಊರಿನವರು 'ಬಿಳಿಸೆರಗು' ಎನ್ನುತ್ತಾರೆಂಬ ಸಂಗತಿ ಅವರ ಕಿವಿಗೆ ಬಿದ್ದಂತಿರಲಿಲ್ಲ. ಹೀಗಾಗಿ ಮೊದಲ ವಾರದಲ್ಲಿ ನಾನು ಮಾತಾಡಿಸಿದ ಹೆಂಗಸರೆಲ್ಲರೂ ಕಾಗದದ ಪ್ರಕಾರ ಸಂಪೂರ್ಣ ಆರೋಗ್ಯವಂತರಾಗಿದ್ದರು. ರಾಗಿ ಕೇರುತ್ತಿದ್ದವಳು ಅರ್ಥ ತಿಳಿದ ಮೇಲೆ ನಗುತ್ತ ಹೇಳಿದಳು: "ಬಿಳಿಸೆರಗು ಅನ್ನಬಾರ್ದಾ? ಅದು ಯಾರಿಗಿಲ್ಲ ಯೋಳು. ನಮ್ಮಟ್ಟೀಲೇ ಒಬ್ಳವ್ಳೆ, ತೋರುಸ್ತೀನಿ."

ಅವಳು ತೋರಿಸಬೇಕಾಗಿರಲಿಲ್ಲ. ಆ 'ಒಬ್ಬಳು' ನಾನು ಬಾಡಿಗೆಗಿದ್ದ ಮನೆಯ ಸೊಸೆಯೇ. ರಾಗಿ ಕೇರುತ್ತಿದ್ದವಳು ಆಕೆಯ ಅತ್ತೆ.

ಸೊಸೆಯನ್ನು ನಾನು ಅಕ್ಕ ಎನ್ನುತ್ತಿದ್ದೆ, ಅತ್ತೆಯನ್ನು ಅಜ್ಜಿ. ಅಕ್ಕನಿಗೆ ಮೂವತ್ತು ದಾಟಿ ಹೆಚ್ಚಾಗಿರಲಿಲ್ಲ. ಎರಡು ಮಕ್ಕಳಾಗಿ, ಮಕ್ಕಳಾಗದ ಆಪ್ರೇಷನ್ನೂ ಆಗಿತ್ತು. ವರ್ಷದಿಂದ ಬಿಳಿಸೆರಗು, ಸೊಂಟನೋವು. ಗಂಡ ಅವಳನ್ನು ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದಿದ್ದ. ಅಲ್ಲಿಯ ವೈದ್ಯರು ಮೇಜಿನ ಆ ಬದಿಯಿಂದ ಈ ಬದಿಗೆ ಬರಲಿಲ್ಲ. ಅಕ್ಕ ಎರಡು ಮಾತಾಡುವುದರೊಳಗೆ, "ಗರ್ಭಚೀಲ ಕೆಟ್ಟೋಗಿದೆ, ತೆಗೆದುಬಿಡೋಣ. ಸೋಮವಾರ ಬಂದು ಅಡ್ಮಿಟ್ ಆಗಿ" ಎಂದರು. ಮುಟ್ಟಿ ನೋಡದೆ ಟೊಮ್ಯಾಟೊ ಕೊಳ್ಳದ ಊರಿನಲ್ಲಿ, ಮುಟ್ಟಿ ನೋಡದೆ ಹೆಣ್ಣಿನ ಅಂಗವೊಂದನ್ನು ಕಿತ್ತೆಸೆಯಲು ದಿನ ನಿಗದಿಯಾಗಿತ್ತು.

ನಾನು ಸಿಡಿದೆದ್ದೆ. ಅಜ್ಜಿ ಸಿಡಿಯಲಿಲ್ಲ. "ಮಕ್ಳು ಆದ್ವಲ್ಲ, ಇನ್ನು ಆ ಚೀಲ್ದಲ್ಲಿ ಏನ್ ತುಂಬ್ಕೊಂಡು ಓಗಾಕಿದ್ದದು? ತೆಗಿಸ್ಲಿ ಬುಡು" ಎಂದಳು. ಪಕ್ಕದ ಮನೆಯ ಜಗಲಿಯಲ್ಲಿ ಕೂತಿದ್ದ ಹೆಂಗಸು ಇದನ್ನು ಕೇಳಿಸಿಕೊಂಡು ಒಳಗೆದ್ದು ಹೋದಳು. ಅವಳು ಅಕ್ಕನಿಗಿಂತ ಚಿಕ್ಕವಳು. ಹಿಂದೆ ಅದೇ ನರ್ಸಿಂಗ್ ಹೋಮಿನಲ್ಲಿ ಅವಳ ಗರ್ಭಚೀಲ ತೆಗೆದಿದ್ದರು. ಅಂದಿನಿಂದ ಮಾಗಿಯ ಚಳಿಯಲ್ಲೂ ಅವಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಅವಳ ಮೂಳೆಗಳು ಅವಳ ಅತ್ತೆಯ ಮೂಳೆಗಳಿಗಿಂತ ಮುಂಚೆ ಮುದಿಯಾಗತೊಡಗಿದ್ದವು.

ನನ್ನ ಸಂಶೋಧನೆಯ ಪರಿಚಯಪತ್ರ ಹಿಡಿದು ನಾನು ಆ ಭಾಗದ ಊರುಗಳಿಗೆ ಜೀಪಿನಲ್ಲಿ ಬರುತ್ತಿದ್ದ ಸರ್ಕಾರಿ ಲೇಡಿ ಡಾಕ್ಟರನ್ನು ಕಂಡೆ. ಅವರು ನನ್ನ ಭಾಷಣವನ್ನು ತಾಳ್ಮೆಯಿಂದ ಕೇಳಿ ಹೇಳಿದರು: "ಪರೀಕ್ಷೆ ಮಾಡದೆ ತೆಗೀಬೇಕು ಅನ್ನೋದೂ ತಪ್ಪು, ಪರೀಕ್ಷೆ ಮಾಡದೆ ತೆಗೀಬೇಡಿ ಅನ್ನೋದೂ ತಪ್ಪು. ಕರೆದುಕೊಂಡು ಬನ್ನಿ."

ಅಕ್ಕ ಒಪ್ಪಲಿಲ್ಲ. ಹಿಂದೊಮ್ಮೆ ಯಾವುದೋ ಆಸ್ಪತ್ರೆಯಲ್ಲಿ, ಅರ್ಧಕ್ಕೇ ನಿಂತ ಪರದೆಯ ಹಿಂದೆ ಮಲಗಿದ್ದಾಗ, ಕಾಂಪೌಂಡರು ಚಹಾ ಹಿಡಿದು ಮೂರು ಸಲ ಹಾದುಹೋಗಿದ್ದನಂತೆ. "ಚೀಲ ಬೇಕಾದ್ರೆ ಕೊಟ್ಬುಡ್ತೀನಿ, ಅಂಗೆ ಇನ್ನೊಂದು ಕಿತ ಮನಗಾಕಿಲ್ಲ" ಎಂದುಬಿಟ್ಟಳು. ಡಾಕ್ಟರಿಗೆ ಹೇಳಿದಾಗ ಅವರೆಂದರು: "ಶನಿವಾರ ನಮ್ಮ ಜೀಪು ನಿಮ್ಮೂರಿಗೆ ಬರುತ್ತೆ. ಒಳಗಿನಿಂದ ಚಿಲಕ ಹಾಕೋ ಕೋಣೆ, ಒಂದು ಪರೀಕ್ಷೆ ಮೇಜು ಕೊಡಿ. ಎಲ್ಲರನ್ನೂ ನೋಡ್ತೀನಿ. ಕೋಣೆ ಇಲ್ಲ ಅಂದ್ರೆ ಸುಮ್ಮನೆ ರಕ್ತ ಹೆಚ್ಚೋ ಕೆಂಪು ಮಾತ್ರೆ ಹಂಚಿ ಹೋಗೋದಕ್ಕೆ ನಾನು ಬರಲ್ಲ."

ಅಂಥ ಕೋಣೆ ಊರಲ್ಲಿತ್ತು. ಮೇಜೂ ಇತ್ತು. ಹಾಲಿನ ಡೈರಿಗೆ ಅಂಟಿಕೊಂಡೇ ಆರೋಗ್ಯ ಉಪಕೇಂದ್ರದ ಕೋಣೆ ನಿಂತಿತ್ತು, ಬಾಗಿಲ ಮೇಲೆ ತಾಯಿ-ಮಗುವಿನ ಚಿತ್ರವೂ ಇತ್ತು. ಒಳಗೆ ಮಾತ್ರ ನೆಲದಿಂದ ತೊಲೆಯವರೆಗೆ ಡೈರಿಯ ಬೂಸದ ಮೂಟೆಗಳು. ಪರೀಕ್ಷೆಯ ಮೇಜು ಅವುಗಳ ಕೆಳಗೆಲ್ಲೋ ಸಮಾಧಿಯಾಗಿತ್ತು. ಬೀಗದ ಕೈ ಡೈರಿಯ ಅಧ್ಯಕ್ಷರ ಉಡಿದಾರದಲ್ಲಿತ್ತು. ಅವರು ಅಕ್ಕನ ಗಂಡನಿಗೆ ದೊಡ್ಡಪ್ಪ, ಹಾಗಾಗಿ ಬೀದಿಗೆಲ್ಲ ದೊಡ್ಡಪ್ಪ.

ಬುಧವಾರ ಬೆಳಗ್ಗೆ ಗಂಡಸರು ಕ್ಯಾನು ಹಿಡಿದು ಸಾಲಾಗಿ ನಿಂತಿದ್ದಾಗಲೇ ನಾನು ಡೈರಿಗೆ ಹೋದೆ. ಸಾಕ್ಷಿಗಳಿರಲಿ ಎಂಬುದು ನನ್ನ ಲೆಕ್ಕಾಚಾರ.

"ಆ ಕೋಣೆ ಸರ್ಕಾರ ಹೆಂಗಸರ ಆರೋಗ್ಯಕ್ಕೆಂದು ಕಟ್ಟಿಸಿದ್ದು" ಎಂದೆ. "ಅದರಲ್ಲಿ ಬೂಸ ತುಂಬಲು ನಿಮಗೆ ಅನುಮತಿ ಕೊಟ್ಟವರು ಯಾರು?"

ದೊಡ್ಡಪ್ಪ ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವ ಡಿಗ್ರಿ ಕಡ್ಡಿ ಇಳಿಬಿಟ್ಟು, ಅದರ ಮೇಲೇ ಕಣ್ಣಿಟ್ಟು ಕೇಳಿದರು: "ಬೂಸ ಯಾರು ತಿಂತಾರವ್ವ?"

"ಹಸು."

"ಅಸ ಏನು ಗಂಡ್ಸಾ? ಅದೂ ಎಂಗ್ಸೇ ತಾನೆ. ಎಂಗಸ್ರ ಆರೋಗ್ಯಕ್ಕೇ ಮಡಗಿವ್ನಿ, ಓಗು."

ಸಾಲು ಗೊಳ್ಳೆಂದಿತು. ಅಕ್ಕನ ಗಂಡನೂ ನಕ್ಕ. ಆಮೇಲೆ ನನ್ನ ಮುಖ ನೋಡಿ ಕ್ಯಾನಿನೊಳಗೆ ಏನನ್ನೋ ಹುಡುಕತೊಡಗಿದ. ನಾನು ಬಿಡಲಿಲ್ಲ. ಶನಿವಾರ ಡಾಕ್ಟರು ಬರುತ್ತಾರೆಂದೂ, ಬಾಗಿಲು ಹಾಕಿಯೇ ನೋಡಬೇಕಾದ ಕಾಯಿಲೆಗಳಿವೆಯೆಂದೂ ಹೇಳಿದೆ.

"ಅಂತಾದ್ದೇನವ್ವ, ಬಾಗ್ಲಾಕ್ಕೊಂಡು ನೋಡೋ ಕಾಯ್ಲೆ? ಎಸ್ರು ಯೋಳು ಮತ್ತೆ."

"ಹೇಳುತ್ತೇನೆ, ಕೇಳಿಸಿಕೊಳ್ಳಿ. ಮುಟ್ಟಿಗೆ ಸಂಬಂಧಿಸಿದ..."

"ಥೂ ಥೂ ಥೂ! ಆಲಿನ ಮುಂದೆ ಏನ್ ಮಾತಾಡ್ತೀಯೆ ನೀನು! ಒಡ್ದೋಯ್ತದೆ!" ದೊಡ್ಡಪ್ಪ ಎದ್ದು ನಿಂತು ಕ್ಯಾನುಗಳಿಗೆಲ್ಲ ಒಂದೊಂದಾಗಿ ಮುಚ್ಚಳ ಹಾಕಿದರು. ಹಾಲಿನ ಕಿವಿ ಮುಚ್ಚಿದ ಮೇಲೆ ನನ್ನನ್ನು ಗೇಟಿನ ಕಡೆಗೆ ಕೈತೋರಿಸಿ ಕಳುಹಿಸಿದರು. ಕಾಯಿಲೆಯ ಹೆಸರು ಹೇಳಿದರೆ ಕೋಣೆ ಕೊಡುತ್ತಾರೆ, ಆದರೆ ಆ ಹೆಸರು ಹೇಳುವಂತಿಲ್ಲ. ರಾಜ್ಯಶಾಸ್ತ್ರದಲ್ಲಿ ಇಷ್ಟು ಭದ್ರವಾದ ಆಡಳಿತ ವ್ಯವಸ್ಥೆಯನ್ನು ನಾನು ಓದಿರಲಿಲ್ಲ.

ಮಧ್ಯಾಹ್ನ ಬೋರ್‌ವೆಲ್ಲಿನ ಹತ್ತಿರ ಬಟ್ಟೆ ಒಗೆಯುವಾಗ ನಾನು ಇದನ್ನೆಲ್ಲ ಹಲ್ಲು ಕಡಿಯುತ್ತ ವರದಿ ಮಾಡಿದೆ. ಜಿಲ್ಲಾಧಿಕಾರಿಗೆ ಬರೆಯುತ್ತೇನೆ, ಪತ್ರಿಕೆಗೆ ಬರೆಯುತ್ತೇನೆ ಎಂದೆ. ಬೀದಿಯ ಹೆಂಗಸರು ಮುಚ್ಚಳದ ಭಾಗ ಬಂದಾಗ ನಕ್ಕರು. ಜಿಲ್ಲಾಧಿಕಾರಿಯ ಭಾಗಕ್ಕೆ ನಗಲೂ ಇಲ್ಲ. ಅಕ್ಕ ಮಾತ್ರ ಗಂಡನ ಪಂಚೆಯನ್ನು ಕಲ್ಲಿನ ಮೇಲೆ ಹಿಡಿದುಕೊಂಡೇ ನಿಂತಿದ್ದಳು.

"ಆ ಮಾತು ಕೇಳುದ್ರೆ ಆಲು ಒಡ್ದೋಯ್ತದೆ ಅಂದ್ರಾ?" ಎಂದು ಕೇಳಿದಳು.

"ಅಂದರು."

"ಅಂಗಾರೆ ಮಾತಾಡೋದೇ ಬ್ಯಾಡ. ಆಗೇ ಬುಡಾಣ."

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಅಕ್ಕ ಪಂಚೆಯನ್ನು ಒಗೆಯದೆ ಹಾಗೆಯೇ ಬುಟ್ಟಿಗೆ ಎಸೆದು ವಿವರಿಸಿದಳು. ಆ ಊರಿನಲ್ಲಿ ಮುಟ್ಟಾದವಳಿಗೆ 'ಹೊರಗಾಗಿದ್ದಾಳೆ' ಎನ್ನುತ್ತಿದ್ದರು. ಹೊರಗಾದವಳು ಮೂರು ದಿನ ಅಡುಗೆಮನೆಗೆ ಹೋಗುವಂತಿಲ್ಲ, ಕೊಟ್ಟಿಗೆಗೆ ಕಾಲಿಡುವಂತಿಲ್ಲ, ಹಾಲು ಕರೆಯುವಂತಿಲ್ಲ. ತಲೆಗೆ ನೀರು ಹಾಕಿಕೊಳ್ಳುವವರೆಗೆ ಜಗಲಿಯ ತುದಿಯಲ್ಲಿ ಕೂತಿರಬೇಕು. ಒಬ್ಬಳು ಹೊರಗಾದರೆ ಮನೆಯ ಇನ್ನೊಬ್ಬಳು ಕೆಲಸ ಹೊರುತ್ತಾಳೆ. ಬೀದಿಯಲ್ಲಿ ಹಾಲು ಕರೆಯುವವರೆಲ್ಲರೂ ಹೆಂಗಸರು, ಡೈರಿಗೆ ಹಾಕಿ ರುಜು ಮಾಡುವವರೆಲ್ಲರೂ ಗಂಡಸರು. "ಎಲ್ಲಾರೂ ಒಂದೇ ಕಿತ ಒರಗಾದ್ರೆ?" ಎಂದಳು ಅಕ್ಕ.

ಬೋರ್‌ವೆಲ್ಲಿನ ಹಿಡಿ ಒತ್ತುತ್ತಿದ್ದವಳ ಕೈ ನಿಂತಿತು.

"ಸುಳ್ಳು ಅಂದ್ರೆ?" ಎಂದಳೊಬ್ಬಳು.

"ಯಾವ ಗಂಡ್ಸು ಕೇಳ್ತಾನೆ? ನೋಡ್ತೀನಿ ಅಂತಾನಾ?"

ಆ ನಗೆಗೆ ತೆಂಗಿನಮರದ ಕಾಗೆಗಳು ಎದ್ದುಹೋದವು. ನಾನು ಮಾತ್ರ ನಗಲಾರದೆ ನಿಂತೆ. ನನಗೆ ತಾತ್ವಿಕ ಸಂಕಟ. ಮುಟ್ಟಾದವಳನ್ನು ಹೊರಗೆ ಕೂರಿಸುವ ಪದ್ಧತಿಯನ್ನು ಬೇರುಸಹಿತ ಕೀಳಬೇಕೆಂದು ನಾನು ಎಂ.ಎ.ಯಲ್ಲಿ ಉದ್ದನೆಯ ಪ್ರಬಂಧ ಬರೆದಿದ್ದೆ. ಹೆಣ್ಣನ್ನು ಅಶುದ್ಧಳೆನ್ನುವ ಆಚರಣೆಯನ್ನೇ ಆಯುಧ ಮಾಡಿಕೊಂಡರೆ ಅದನ್ನು ಒಪ್ಪಿಕೊಂಡಂತಾಗುವುದಿಲ್ಲವೇ ಎಂದು ಅಕ್ಕನನ್ನು ಗಂಭೀರವಾಗಿ ಕೇಳಿದೆ.

"ಕೀಳುವಂತೆ ಬುಡವ್ವ" ಎಂದಳು ಅಕ್ಕ. "ನಾನೂ ಬತ್ತೀನಿ ಕೀಳಾಕೆ. ಈ ವಾರ ಒಂದು ಇರ್ಲಿ."

ಉಳಿದದ್ದು ಒಂದೇ ಭಯ: ಮುಟ್ಟು ನಿಂತ ಮುದುಕಿಯರು. ಪ್ರತಿ ಮನೆಯಲ್ಲೂ ಒಬ್ಬ ಅತ್ತೆಯಿದ್ದಳು. ಸೊಸೆಯರೆಲ್ಲ ಜಗಲಿ ಹತ್ತಿದರೆ ಅತ್ತೆಯರು ಸೆರಗು ಬಿಗಿದು ಕೊಟ್ಟಿಗೆಗೆ ಇಳಿಯುತ್ತಾರೆ, ಹಾಲು ಡೈರಿಗೆ ಹೋಗುತ್ತದೆ, ಆಟ ಮುಗಿಯುತ್ತದೆ.

ಗುರುವಾರ ಬೆಳಕು ಹರಿಯುವ ಹೊತ್ತಿಗೆ ಬೀದಿಯ ಎರಡೂ ಬದಿಯ ಜಗಲಿಗಳಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು. ಅಕ್ಕನ ಗಂಡ ಬಾಗಿಲಿಗೆ ಬಂದು ಒಮ್ಮೆ ಬೀದಿಯನ್ನು, ಒಮ್ಮೆ ಹೆಂಡತಿಯನ್ನು ನೋಡಿದ. ಪಕ್ಕದ ಮನೆಯ ಗಂಡಸಿನ ಸ್ಥಿತಿ ಇನ್ನೂ ಕಷ್ಟದ್ದು. ಗರ್ಭಚೀಲವೇ ಇಲ್ಲದ ಅವನ ಹೆಂಡತಿಯೂ ಜಗಲಿಯಲ್ಲಿ ಕೂತಿದ್ದಳು. "ನಿಂಗೆಂಗೆ ಆಯ್ತದೆಯೇ?" ಎಂದು ಅವನು ಅಂದದ್ದು ನಮಗೆಲ್ಲ ಕೇಳಿಸಿತು. ಅವಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಇದ್ದಿದ್ರೆ ಆಗ್ತಿತ್ತಲ್ಲ, ಅದ್ಕೆ ಕೂತಿವ್ನಿ" ಎಂದಳು. ಅವನು ತಂಬಿಗೆ ತೆಗೆದುಕೊಂಡು ತಾನೇ ಕೊಟ್ಟಿಗೆಗೆ ನಡೆದ.

ಆಗ ನಮ್ಮ ಅಜ್ಜಿ ಒಳಗಿನಿಂದ ಬಂದಳು. ಎಲ್ಲರೂ ಅವಳತ್ತ ತಿರುಗಿದರು. ಅಕ್ಕನ ಗಂಡನ ಮುಖ ಅರಳಿತು.

"ಅವ್ವ, ಬಾ, ಆಲು ಕರೀವಂತೆ."

ಅಜ್ಜಿ ನಿಧಾನವಾಗಿ ಜಗಲಿ ಹತ್ತಿ, ಸೊಸೆಯ ಪಕ್ಕ ಕೂತು, ಎಲೆಅಡಿಕೆ ಚೀಲ ಬಿಚ್ಚಿದಳು. "ನಾನೂ ಒರಗೆ ಕಣ್ಲಾ."

"ಅವ್ವಾ! ನಿಂಗೆ...?"

"ಯಾಕ್ಲಾ? ನಂದು ಲೆಕ್ಕ ಮಡಗಿದ್ದೀಯೇನ್ಲಾ?"

ಅವನು ಓಡಿದ. ಎದುರುಮನೆಯ ಅತ್ತೆಯೂ ಆಚೆಮನೆಯ ಅತ್ತೆಯೂ ಇದನ್ನು ನೋಡಿ, ಒಬ್ಬರನ್ನೊಬ್ಬರು ನೋಡಿಕೊಂಡು, ತಮ್ಮ ತಮ್ಮ ಜಗಲಿಗಳಲ್ಲಿ ಸ್ಥಾಪಿತರಾದರು. ಆ ವಾರದ ನನ್ನ ದಾಖಲೆಗಳನ್ನು ಓದಿದ ಮೈಸೂರಿನ ಮಾರ್ಗದರ್ಶಕರು ಎಪ್ಪತ್ತು ದಾಟಿದವರಲ್ಲೂ ಋತುಸ್ರಾವ ಕಾಣಿಸಿಕೊಂಡಿರುವುದನ್ನು ಗಮನಿಸಿ ಕಳವಳಗೊಂಡರು. ಕೂಡಲೇ ಬೋರ್‌ವೆಲ್ಲಿನ ನೀರಿನ ಮಾದರಿ ತರಬೇಕೆಂದು ನನಗೆ ಹೇಳಿಕಳುಹಿಸಿದರು. ಹೇಳಿಕೆ ಕೊಟ್ಟವರ ಮಾತನ್ನು ತಿದ್ದಬಾರದೆಂದು ಕಲಿಸಿದವರೂ ಅವರೇ. ಆದ್ದರಿಂದ ನಾನು ತಿದ್ದಲಿಲ್ಲ, ನೀರು ತೆಗೆದುಕೊಂಡು ಹೋದೆ.

ಕೊಟ್ಟಿಗೆಗಳಲ್ಲಿ ನಡೆದದ್ದನ್ನು ನಾವು ಕಿವಿಯಿಂದಲೇ ನೋಡಿದೆವು. ಹಸುಗಳಿಗೆ ಕರೆಯುವವಳ ವಾಸನೆ, ಬಳೆಯ ಸದ್ದು ಗೊತ್ತು. ಬೀಡಿಯ ವಾಸನೆ ಗೊತ್ತಿಲ್ಲ. ತಂಬಿಗೆಗಳು ಉರುಳುವ ಸದ್ದು ಮನೆಯಿಂದ ಮನೆಗೆ ದಾಟಿತು. ಹಿಂದೆಯೇ ಬೈಗುಳ. ಕರುಗಳಿಗೆ ಮಾತ್ರ ಅಂಥ ಹಬ್ಬ ಹಿಂದೆಂದೂ ಸಿಕ್ಕಿರಲಿಲ್ಲ. ಬಾಯಿಂದ ನೊರೆ ಸುರಿಸುತ್ತ ಬೀದಿ ತುಂಬ ಜಿಗಿದಾಡಿದವು. ಮಧ್ಯಾಹ್ನ ಗಂಡಸರು ಮುದ್ದೆ ಕಟ್ಟಿ ತಂದರು. ಒಳಗೆ ಒಣಹಿಟ್ಟಿನ ಗಂಟುಗಳಿದ್ದವು, ಆದರೂ ಬಿಸಿಯಾಗಿತ್ತು. ಅಕ್ಕ ಗೋಡೆಗೆ ಬೆನ್ನು ಕೊಟ್ಟು ಊಟ ಮಾಡಿದಳು. ಮದುವೆಯಾದ ಮೇಲೆ ಬಿಸಿ ಮುದ್ದೆಯನ್ನು ಕೂತಲ್ಲಿಗೆ ಬಂದು ಯಾರೂ ಬಡಿಸಿರಲಿಲ್ಲವಂತೆ. ಸಂಜೆಗೆ, "ಸೊಂಟ ವಸಿ ಅಗುರಾಗದೆ ಕಣವ್ವ" ಎಂದಳು. ಯಾವ ವೈದ್ಯರೂ ಅವಳಿಗೆ ಬರೆದುಕೊಡದ ಔಷಧಿ ಅದು.

ದೊಡ್ಡಪ್ಪ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ಅವರ ಹೆಂಡತಿಯೂ ಸೊಸೆಯೂ ಜಗಲಿಯಲ್ಲೇ ಇದ್ದರು. ಶುಕ್ರವಾರ ಬೆಳಗ್ಗೆ ಅವರು ಹಸುವಿಗೇ ಮೋಸ ಮಾಡಲು ನಿರ್ಧರಿಸಿ, ಹೆಂಡತಿಯ ಹಸಿರು ಸೀರೆಯನ್ನು ತಲೆಯ ಮೇಲಿಂದ ಹೊದ್ದು, ಕೈಗೆ ಅವಳ ನಾಲ್ಕು ಬಳೆ ಏರಿಸಿಕೊಂಡು ಕೊಟ್ಟಿಗೆಗೆ ಹೋದರು. ಹಸು ಸ್ವಲ್ಪ ಹೊತ್ತು ನಂಬಿತು. ಅರ್ಧ ತಂಬಿಗೆ ತುಂಬಿದ್ದಾಗ ಹಿಂತಿರುಗಿ ನೋಡಿತಂತೆ. ಸೀರೆಯೊಳಗೆ ಮೀಸೆ ಕಂಡಿತು. ಮರುಕ್ಷಣ ದೊಡ್ಡಪ್ಪ ಹಸಿರು ಸೆರಗು ಹಾರಿಸುತ್ತ ಬೀದಿಗೆ ಬಂದರು, ಹಸು ಅವರ ಹಿಂದೆ ಬಂತು. ಅದೇ ಹೊತ್ತಿಗೆ ಹಾಲಿನ ವ್ಯಾನು ಬಂದು ನಿಂತಿತು. ಡ್ರೈವರ್ ಇಳಿದು, ಖಾಲಿ ಕ್ಯಾನುಗಳನ್ನು ನೋಡಿ, ಅಧ್ಯಕ್ಷರನ್ನು ನೋಡಿ ಕೇಳಿದ: "ಆಲು ಎಲ್ಲವ್ವ?"

ಜಗಲಿಗಳಲ್ಲಿ ಯಾರೂ ನಗಲಿಲ್ಲ. ನಗದಿರಲು ಪಟ್ಟ ಕಷ್ಟಕ್ಕೆ ಆಚೆಮನೆಯ ಅತ್ತೆಗೆ ಬಿಕ್ಕಳಿಕೆ ಹತ್ತಿತು.

ದೊಡ್ಡಪ್ಪ ಸೀರೆ ಕಿತ್ತೆಸೆದು ನಮ್ಮ ಜಗಲಿಯ ಮುಂದೆ ಬಂದು ನಿಂತರು. "ಏನಂತೆ ನಿಮ್ಗೆಲ್ಲ? ಏನ್ ಬೇಕಂತೆ?"

"ಏನೂ ಬ್ಯಾಡ ಬಾವ" ಎಂದಳು ಅಜ್ಜಿ, ಸುಣ್ಣ ತೀಡುತ್ತ. "ಯಾಕೋ ಈ ಸಲ ನಿಲ್ತಾ ಇಲ್ಲ. ಆ ಬೂಸದ ರೂಮ್ನಾಗೆ ಡಾಕ್ಟ್ರವ್ವ ಬಂದು ಕೂತ್ರೆ ನಿಲ್ಲಬೋದೇನೋ. ಅದ್ಯಾಕೆ ಅಂತ ಯೋಳ್ಲಾ?"

"ಬ್ಯಾಡ! ಯೋಳಬ್ಯಾಡ!" ದೊಡ್ಡಪ್ಪ ಎರಡೂ ಕೈ ಎತ್ತಿದರು. ಉಡಿದಾರದಿಂದ ಬೀಗದ ಕೈ ಬಿಚ್ಚಿ ಜಗಲಿಯ ಮೇಲೆ ಎಸೆದು ಹೊರಟುಹೋದರು.

ಮಧ್ಯಾಹ್ನದೊಳಗೆ ಗಂಡಸರು ಮೂಟೆ ಹೊತ್ತು ದೊಡ್ಡಪ್ಪನ ಮನೆಯ ನಡುಮನೆಗೆ ಸಾಗಿಸಿದರು. ಸಂಜೆ ಬೀದಿಯ ಬಚ್ಚಲುಮನೆಗಳಿಂದೆಲ್ಲ ಹೊಗೆಯೆದ್ದು, ಸೀಗೆಕಾಯಿ ವಾಸನೆ ಹರಡಿತು. ಎಲ್ಲರೂ ತಲೆಗೆ ನೀರು ಹಾಕಿಕೊಂಡರು. ಮೂರು ದಿನ ತುಂಬಿರಲಿಲ್ಲ, ಯಾವ ಗಂಡಸೂ ಲೆಕ್ಕ ಕೇಳಲಿಲ್ಲ.

ಶನಿವಾರ ಲೇಡಿ ಡಾಕ್ಟರು ಬಂದರು. ಬೂಸದ ಧೂಳಿಗೆ ಸೀನುತ್ತಲೇ ಒಳಗಿನಿಂದ ಚಿಲಕ ಎಳೆದು ನೋಡಿದರು. ಅದು ಭದ್ರವಾಗಿ ಕೂತಿತು. ಅಕ್ಕ ಮೊದಲು ಹೋದಳು. ಅವಳು ಹೊರಬರುವವರೆಗೆ ನಾನು ಬಾಗಿಲ ಮೇಲಿನ ತಾಯಿ-ಮಗುವಿನ ಚಿತ್ರವನ್ನು ಬಾಯಿಪಾಠ ಮಾಡಿದೆ.

"ಸೋಂಕು" ಎಂದರು ಡಾಕ್ಟರು, ಅಕ್ಕನ ಒಪ್ಪಿಗೆ ಕೇಳಿ ನನ್ನನ್ನೂ ಅವಳ ಗಂಡನನ್ನೂ ಒಳಗೆ ಕರೆದು. "ಮಾತ್ರೆಗೆ ಹೋಗುತ್ತೆ. ಗರ್ಭಕೋಶಕ್ಕೆ ಏನೂ ಆಗಿಲ್ಲ. ತೆಗೆಯೋ ಮಾತೇ ಇಲ್ಲ. ಮಾತ್ರೆ ಇಬ್ಬರೂ ತಗೋಬೇಕು."

"ಇಬ್ರೂ ಅಂದ್ರೆ?" ಎಂದ ಗಂಡ.

"ಅವರು ಮತ್ತೆ ನೀವು."

"ನಂಗ್ಯಾಕ್ ಮೇಡಮ್ಮು? ನಂಗೆ ಚೀಲವೇ ಇಲ್ವಲ್ಲ!"

ಡಾಕ್ಟರು ಅವನಿಗೆ ಯಾಕೆಂದು ವಿವರಿಸಿದರು, ಒಂದೂ ಸಂಸ್ಕೃತ ಪದ ಬಳಸದೆ. ಅವನು ಕಿವಿಯವರೆಗೆ ಕೆಂಪಾದ. ಆದರೆ ಅಲ್ಲೇ ನಿಂತು ಕೇಳಿಸಿಕೊಂಡ.

ಆಮೇಲೆ ಅಜ್ಜಿ ಯಾರನ್ನೂ ಕೇಳದೆ ಒಳಹೊಕ್ಕು ಚಿಲಕ ಹಾಕಿಕೊಂಡಳು. ಬಹಳ ಹೊತ್ತು ಬರಲಿಲ್ಲ. ಕೊನೆಯ ಮಗ ಹುಟ್ಟಿದಾಗಿನಿಂದ ಅವಳ ಗರ್ಭಕೋಶ ಜಾರಿತ್ತು. ಅದನ್ನು ಬಟ್ಟೆಯಿಂದ ಒತ್ತಿ ಕಟ್ಟಿಕೊಂಡೇ ಅವಳು ಅಷ್ಟೂ ವರ್ಷ ನಾಟಿ ಮಾಡಿದ್ದಳು, ಕಳೆ ಕಿತ್ತಿದ್ದಳು, ಹಾಲು ಕರೆದಿದ್ದಳು. ಆಮೇಲೆ ಬೋರ್‌ವೆಲ್ಲಿನಿಂದ ನೀರು ಹೊತ್ತು ತರುವಾಗ ಅವಳೇ ಸೊಸೆಗೆ ಹೇಳಿದ್ದು. "ಜಾರ್ದಂಗೆ ಒಳ್ಗೆ ಮಡಗಾಕೆ ರಬ್ಬರ್ ಬಳೆ ತತ್ತಾಳಂತೆ ಡಾಕ್ಟ್ರವ್ವ. ಈ ವಯಸ್ನಾಗೆ ನಂಗೆ ಬಳೆ ತೊಡಿಸ್ತಾವ್ಳೆ ನೋಡು" ಎಂದು ತಾನೇ ನಕ್ಕಳು. ಅಕ್ಕ ನಗಲಿಲ್ಲ. ಅತ್ತೆಯ ತಲೆಯ ಮೇಲಿದ್ದ ನೀರಿನ ಬಿಂದಿಗೆಯನ್ನು ತಾನು ತೆಗೆದುಕೊಂಡಳು.

ಪಕ್ಕದ ಮನೆಯವಳು ಕೊನೆಯಲ್ಲಿ ಹೋದಳು. "ನನ್ನ ಚೀಲಕ್ಕೂ ಮಾತ್ರೆ ಸಾಕಾಗಿತ್ತಾ?" ಎಂದು ಅವಳು ಕೇಳಿದ್ದಕ್ಕೆ ಡಾಕ್ಟರು ಹಳೆಯ ಕಾಗದ ಕೇಳಿದರು. ತೆಗೆದವರು ಏನನ್ನು ಕಂಡು ತೆಗೆದರೆಂದು ಬರೆದ ಒಂದು ಚೂರು ಕಾಗದವನ್ನೂ ಅವಳಿಗೆ ಕೊಟ್ಟಿರಲಿಲ್ಲ.

ಸೋಮವಾರ ಬಂತು. ಅಕ್ಕನನ್ನು ಅಡ್ಮಿಟ್ ಮಾಡಬೇಕಿದ್ದ ದಿನ. ಅಕ್ಕ ಬಸ್ಸು ಹತ್ತಿದಳು, ಪಕ್ಕದ ಮನೆಯವಳನ್ನು ಜೊತೆಗೆ ಕರೆದುಕೊಂಡು. ನಾನೂ ಹತ್ತಿದೆ. ನನ್ನ ಚೀಲದಲ್ಲಿ ಎರಡು ಪುಟದ ಮನವಿ ಇತ್ತು, ಅದರಲ್ಲಿ 'ಹೊಣೆಗಾರಿಕೆ' ಎಂಬ ಪದ ನಾಲ್ಕು ಕಡೆ ಬಂದಿತ್ತು. ಅದನ್ನು ತೆಗೆಯುವ ಅವಕಾಶವೇ ಬರಲಿಲ್ಲ. ನರ್ಸಿಂಗ್ ಹೋಮಿನ ವೈದ್ಯರು ಕೋಣೆಯಿಂದ ಇಣುಕಿ, "ಬಂದ್ರಾ? ಅಡ್ಮಿಷನ್ ಮಾಡಿಸಿ" ಎಂದಾಗ, ಅಕ್ಕ ಕಾಯುವವರ ಬೆಂಚುಗಳ ನಡುವೆ ನಿಂತು ಗಟ್ಟಿಯಾಗಿ ಹೇಳಿದಳು:

"ನಾನು ಸೇರಾಕೆ ಬಂದಿಲ್ಲ ಸ್ವಾಮಿ. ನಂಗೆ ಬಿಳಿಸೆರಗಿತ್ತು, ಮಾತ್ರೆ ತಕಂಡಿವ್ನಿ. ಇವ್ಳ ಚೀಲ ತೆಗೆದ್ರಲ್ಲ, ಅದ್ರಲ್ಲಿ ಏನು ಕೆಟ್ಟೋಗಿತ್ತು ಅಂತ ಬರ್ಕೊಡಿ. ಇಸ್ಕೊಂಡು ಓಗಾಕೆ ಬಂದಿವ್ನಿ."

"ಅದೆಲ್ಲ ಇಲ್ಲಿ ಮಾತಾಡೋದಲ್ಲಮ್ಮ. ಗಂಡಸರಿದ್ದಾರೆ."

"ಇರ್ಲಿ ಬುಡಿ, ಅವ್ರೂ ಕೇಳ್ಲಿ."

ವೈದ್ಯರು ಒಳಗೆ ಹೋದರು. ಕಾಗದ ಹುಡುಕಿಸಬೇಕು, ಆಮೇಲೆ ಬನ್ನಿ ಎಂದು ನರ್ಸು ಬಂದು ಹೇಳಿದಳು. ಆಮೇಲೆಯೂ ನಾವು ಹೋದೆವು, ಹಲವು ಸಲ. ಆ ಕಾಗದ ಇಂದಿಗೂ ಸಿಕ್ಕಿಲ್ಲ. ಕೇಳುವುದನ್ನು ನಾವು ಇಂದಿಗೂ ಬಿಟ್ಟಿಲ್ಲ. ಆದರೆ ಆ ಬೆಳಗ್ಗೆ, ನಾವು ಮೆಟ್ಟಿಲಿಳಿಯುವಾಗ, ಬೆಂಚಿನಲ್ಲಿ ಕೂತಿದ್ದ ಒಬ್ಬ ಎಳೆಯ ಹೆಂಗಸು ಅಡ್ಮಿಟ್ ಆಗಲು ತಂದಿದ್ದ ಹಾಸಿಗೆಯ ಗಂಟನ್ನು ಕಂಕುಳಿಗೆ ಸೇರಿಸಿಕೊಂಡು ನಮ್ಮ ಹಿಂದೆಯೇ ಹೊರಬಂದಳು. ಅವಳ ಗಂಡ ಒಳಗೆ ಕ್ಯಾಶ್ ಕೌಂಟರಿನ ಸಾಲಿನಲ್ಲಿದ್ದ. ಅವಳು ಅಕ್ಕನ ಸೆರಗು ಹಿಡಿದೆಳೆದು, ತಗ್ಗಿದ ದನಿಯಲ್ಲಿ ಕೇಳಿದಳು: "ಆ ಮಾತ್ರೆ ಕೊಟ್ಟ ಡಾಕ್ಟ್ರವ್ವ ಯಾವ ದಿನ ಬತ್ತಾರಕ್ಕ, ನಿಮ್ಮೂರಿಗೆ?"